ಹದಿನಾಲ್ಕನೇ ಮನೆಯವನ ಕಾಲ್ಗುಣ

ಹೊಸವರ್ಷದ ಬೆಳಿಗ್ಗೆ ನಮ್ಮ ಸಾಲಿನಲ್ಲಿ ಯಾರೂ ಹೊರಗೆ ಕಾಲಿಡುತ್ತಿರಲಿಲ್ಲ. ಹದಿಮೂರು ಮನೆಗಳವರೂ ಬಾಗಿಲು ಹಾಕಿಕೊಂಡು, ಪರದೆ ಸರಿಸಿ, ಹದಿನಾಲ್ಕನೇ ಮನೆಯ ಒಬ್ಬನೇ ಮನುಷ್ಯನಿಗೆ ಕಾಯುತ್ತಿದ್ದೆವು. ಖಾಂಗ್ ಚಿಕ್ಕಪ್ಪ ಹೊಸ್ತಿಲು ದಾಟಿದ ಮೇಲೆಯೇ ನಮಗೆ ವರ್ಷ ಶುರುವಾಗುತ್ತಿದ್ದದ್ದು. ವರ್ಷದ ಮೊದಲ ಕಾಲು ಯಾರದೋ ಅವರ ಅದೃಷ್ಟವೇ ಮನೆಗೆ ವರ್ಷವಿಡೀ ಎಂಬುದು ನಾವು ವಿಯೆಟ್ನಾಮಿನಿಂದ ಹಡಗಿನಲ್ಲಿ ತಂದ ನಂಬಿಕೆ. ತರಬೇಕಾದದ್ದು ಎಷ್ಟೋ ಬಿಟ್ಟು ಬಂದಿದ್ದೆವು, ಇದನ್ನು ಮಾತ್ರ ಮರೆತಿರಲಿಲ್ಲ.

ನಮ್ಮದು ಫ್ರಾನ್ಸಿನ ನಡುಭಾಗದ ಒಂದು ಸಣ್ಣ ಊರು. ಕಲ್ಲಿದ್ದಲ ಗಣಿ ಮುಚ್ಚಿ ಕೂಲಿಗಳ ಮನೆಗಳು ಖಾಲಿ ಬಿದ್ದಿದ್ದವು. ಫ್ರೆಂಚರು ವಿಯೆಟ್ನಾಂ ಬಿಟ್ಟ ಮೇಲೆ, ೧೯೫೬ರಲ್ಲಿ, ಫ್ರೆಂಚ್ ನಂಟಿದ್ದ ನಮ್ಮಂಥವರನ್ನು ಸರ್ಕಾರ ಕರೆತಂದು ಅಲ್ಲಿ ಇಳಿಸಿತು. ನಾನು ಆಗ ಎರಡು ವರ್ಷದ ಕೂಸು, ಚಿಕ್ಕಪ್ಪ ಹದಿನೇಳರ ಹುಡುಗ. ಚಿಕ್ಕಪ್ಪ ಅಂದರೆ ರಕ್ತಸಂಬಂಧ ಏನಿಲ್ಲ, ಸಾಲಿನ ಮಕ್ಕಳಿಗೆಲ್ಲ ಅವನು ಚಿಕ್ಕಪ್ಪ. ಅವನ ಅಪ್ಪ ಫ್ರೆಂಚ್ ಸಿಪಾಯಿ. ಮಗನ ಕೈಗೆ ಹತ್ತಿದ್ದು ಅಪ್ಪನ ಹೆಸರು ಮತ್ತು ಅಪ್ಪನ ಮೂಗು, ಇನ್ನೇನೂ ಇಲ್ಲ. ಆ ಹೆಸರಿದ್ದ ಕಾಗದದಿಂದ ಹಡಗಿನಲ್ಲಿ ಜಾಗ ಸಿಕ್ಕಿತು. ತಾಯಿಯ ಹತ್ತಿರ ಅಂಥ ಕಾಗದ ಇರಲಿಲ್ಲ. ಮುಂದಿನ ಹಡಗಿಗೆ ಬರುತ್ತೇನೆ ಎಂದು ಬಂದರಿನಲ್ಲಿ ಹೇಳಿ ಕಳಿಸಿದಳಂತೆ. ಆಕೆ ಬರಲೇ ಇಲ್ಲ. ಅವನು ಹೆಂಚಿನ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತು ಇಪ್ಪತ್ತೆಂಟು ವರ್ಷ ದುಡಿದ, ದಿಯು ಚಿಕ್ಕಮ್ಮನನ್ನು ಮದುವೆಯಾದ, ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ. ಪ್ರತಿ ಹೊಸವರ್ಷಕ್ಕೂ ತಾಯಿಗೆ ಕಾಗದ ಬರೆದ.

ಅವನ ಕಾಲ್ಗುಣ ಬೆಳಕಿಗೆ ಬಂದದ್ದು ಬೆಂಕಿಪೊಟ್ಟಣದಿಂದ. ಒಂದು ಹೊಸವರ್ಷದ ಬೆಳಿಗ್ಗೆ ಒಲೆ ಹಚ್ಚಲು ಕಡ್ಡಿ ಇಲ್ಲದೆ, ಹಿಂದುಮುಂದು ನೋಡದೆ, ಮೊದಲನೇ ಮನೆಯ ಕುಕ್ ಅಜ್ಜಿಯ ಅಡುಗೆಮನೆಗೆ ನುಗ್ಗಿಬಿಟ್ಟ. ಅಜ್ಜಿ ಪೊರಕೆ ಹಿಡಿದು ಎದ್ದಳು. ಆದರೆ ಆ ತಿಂಗಳೇ, ಸತ್ತನೆಂದುಕೊಂಡಿದ್ದ ಅವಳ ತಮ್ಮನಿಂದ ಕಾಗದ ಬಂತು. ಮುಂದಿನ ವರ್ಷ ಅಜ್ಜಿಯೇ ಕರೆದಳು. ಅದರ ಮುಂದಿನ ವರ್ಷ ಅಕ್ಕಪಕ್ಕದವರೂ ಕರೆದರು. ಆಮೇಲೆ ಇಡೀ ಸಾಲು.

ನಮ್ಮ ಪಂಚಾಂಗದಲ್ಲಿ ಪ್ರತಿ ವರ್ಷಕ್ಕೊಂದು ಪ್ರಾಣಿಯಾದ್ದರಿಂದ, ಬರುವವನ ಪ್ರಾಣಿ ಆ ವರ್ಷದ ಪ್ರಾಣಿಗೆ ಹೊಂದಬೇಕು. ಚಿಕ್ಕಪ್ಪ ಬೆಕ್ಕಿನ ವರ್ಷದವನು. ಕೋಳಿ ವರ್ಷ ಬಂದಾಗ ಎಲ್ಲರೂ ಅಜ್ಜಿಯ ಮುಖ ನೋಡಿದರು.

"ಕೋಳಿ ಮನೆಗೆ ಬೆಕ್ಕನ್ನ ಕರೀತಾರಾ ಅಜ್ಜಿ?" ಎಂದು ನನ್ನ ಗಂಡ ಕೆಣಕಿದ.

"ಅವನು ವರ್ಷದ ಕೊನೇಲಿ ಹುಟ್ಟಿದ್ದು ಕಣೋ, ಮುಂದಿಂದು ಡ್ರ್ಯಾಗನ್ ವರ್ಷ. ಅರ್ಧ ಬೆಕ್ಕು, ಅರ್ಧ ಡ್ರ್ಯಾಗನ್. ಬೆಕ್ಕಿನ ಅರ್ಧ ಹೊರಗೇ ಇರತ್ತೆ, ನೀನು ಮುಚ್ಕೊಂಡು ಊಟ ಮಾಡು."

ಹಬ್ಬಕ್ಕೆ ಕಾರ್ಖಾನೆ ರಜೆ ಕೊಡುತ್ತಿರಲಿಲ್ಲ. ನಮ್ಮ ಗಂಡಸರಿಗೆ ಆ ದಿನ ಒಟ್ಟಿಗೇ ಜ್ವರ ಬರುತ್ತಿತ್ತು. ನಮ್ಮ ಹೊಸವರ್ಷ ಒಂದು ಸಲ ಜನವರಿಗೆ, ಒಂದು ಸಲ ಫೆಬ್ರವರಿಗೆ ಬೀಳುತ್ತದೆ. ಪಾಪದ ಮೇಸ್ತ್ರಿ ಡಿಸೆಂಬರ್ ಬಂದರೆ ಚಿಕ್ಕಪ್ಪನನ್ನು ಬದಿಗೆ ಕರೆದು, "ಈ ಸಲ ನಿಮ್ಮ ಜ್ವರ ಯಾವ ತಾರೀಕಿಗಪ್ಪಾ? ಮೊದ್ಲೇ ಹೇಳಿದ್ರೆ ಬೇರೆ ಜನ ಹಾಕ್ಕೋತೀನಿ" ಎಂದು ಕೇಳಿಕೊಳ್ಳುತ್ತಿದ್ದ.

ಇನ್ನು ನನ್ನ ವಿಷಯ. ಮದುವೆಯಾದ ಮೇಲೆ ಮೂರು ಸಲ ಬಸಿರಾದೆ, ಮೂರು ಸಲವೂ ಉಳಿಯಲಿಲ್ಲ. ೧೯೮೫ರ ಹೊಸವರ್ಷಕ್ಕೆ ನಾಲ್ಕನೆಯದು ಏಳು ತಿಂಗಳು ತುಂಬಿತ್ತು. ಅಷ್ಟು ದೂರ ಯಾವುದೂ ಬಂದಿರಲಿಲ್ಲ. ನನಗೆ ಮೂವತ್ತೊಂದು. ಇದೂ ಹೋದರೆ ಇನ್ನೊಂದಕ್ಕೆ ಮನಸ್ಸು ಗಟ್ಟಿಯಿಲ್ಲ ಎಂದು ನನಗೆ ಗೊತ್ತಿತ್ತು. ನನ್ನ ಅತ್ತೆ ಡಿಸೆಂಬರಿನಲ್ಲೇ ಚಿಕ್ಕಪ್ಪನ ಮನೆಗೆ ಹೋಗಿ ಮಾತು ತೆಗೆದುಕೊಂಡು ಬಂದಳು.

"ಈ ವರ್ಷ ಮೊದಲು ನಮ್ಮನೆ. ಕುಕ್ ಅಜ್ಜಿ ಏನಾದ್ರೂ ಅಂದ್ಕೊಳ್ಳಲಿ."

"ನಿಮ್ಮನೆಗೇ ಬರ್ತೀನಕ್ಕಾ. ಹೊಸ ಬೂಟ್ಸ್ ಹಾಕ್ಕೊಂಡೇ ಬರ್ತೀನಿ."

ಬಸುರಿಯ ಕಾಲು ಮಾತ್ರ ಹೊಸವರ್ಷಕ್ಕೆ ಯಾರಿಗೂ ಬೇಡ. ಕೂಸು ಕಳೆದುಕೊಂಡವಳದಂತೂ ಕೇಳಲೇಬೇಡಿ. ಐದು ವರ್ಷದಿಂದ ನಾನು ಹಬ್ಬದ ಮೂರು ದಿನ ಯಾರ ಹೊಸ್ತಿಲೂ ತುಳಿದಿರಲಿಲ್ಲ. ಬರಬೇಡ ಎಂದು ಯಾರೂ ಬಾಯಿ ಬಿಟ್ಟು ಹೇಳಿದ್ದಲ್ಲ, ಬಾ ಎಂದೂ ಹೇಳಿರಲಿಲ್ಲ. ಅದು ನನಗೆ ಉರಿಯುತ್ತಿತ್ತು.

ಹಬ್ಬಕ್ಕೆ ನಾಲ್ಕು ದಿನ ಇರುವಾಗ ಹದಿನಾಲ್ಕನೇ ಮನೆ ಮುಂದೆ ಅಂಚೆಯ ವ್ಯಾನು ನಿಂತಿತು. ಟೆಲಿಗ್ರಾಂ. ನಮ್ಮ ಸಾಲಿನಲ್ಲಿ ಸೂಜಿ ಬಿದ್ದರೂ ಸುದ್ದಿ. ಅತ್ತೆ ಆಗಲೇ ಬೇಲಿ ಹತ್ತಿರ ಹೋಗಿದ್ದಳು.

"ಏನೇ ದಿಯು, ಯಾರದ್ದು?"

"ಏನಿಲ್ಲಕ್ಕಾ, ಮಗಳದ್ದು. ಹಬ್ಬಕ್ಕೆ ಬರಕ್ಕಾಗಲ್ವಂತೆ."

ಮಗಳು ಇದ್ದದ್ದು ಲಿಯಾನ್ ನಗರದಲ್ಲಿ, ಮನೆಯಲ್ಲಿ ಫೋನ್ ಇತ್ತು. ಟೆಲಿಗ್ರಾಂ ಯಾಕೆ ಕೊಟ್ಟಳು ಎಂದು ಯಾರೂ ಯೋಚಿಸಲಿಲ್ಲ. ಎಲ್ಲರ ಮನೆಯಲ್ಲೂ ಅಂಟಕ್ಕಿ ನೆನೆಸುವ ಗಡಿಬಿಡಿ. ಎಲೆ ಸಿಗದೆ ಕಡುಬನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಬೇಯಿಸುವುದನ್ನು ನಾವು ಕಲಿತು ಎಷ್ಟೋ ಕಾಲವಾಗಿತ್ತು.

ಹಬ್ಬದ ಬೆಳಿಗ್ಗೆ ಮೊಣಕಾಲಿನವರೆಗೆ ಹಿಮ. ಎಂಟು ಗಂಟೆಗೆ ಸರಿಯಾಗಿ ಹದಿನಾಲ್ಕನೇ ಬಾಗಿಲು ತೆರೆಯಿತು. ನಾನು ಪರದೆಯ ಹಿಂದಿದ್ದೆ, ಅತ್ತೆ ನನ್ನ ಹಿಂದಿದ್ದಳು. ಚಿಕ್ಕಪ್ಪ ಮದುವೆಯ ಸೂಟು, ಹೊಸ ಬೂಟು ಹಾಕಿ, ಸಾಲಿನ ಉದ್ದಕ್ಕೂ ನಡೆದು ನಮ್ಮ ಗೇಟಿಗೆ ಬಂದ. ಅಗುಳಿಯ ಮೇಲೆ ಕೈ ಇಟ್ಟ. ಹಾಗೇ ಸ್ವಲ್ಪ ಹೊತ್ತು ನಿಂತು, ತಿರುಗಿ ಮನೆಗೆ ಹೋಗಿಬಿಟ್ಟ.

"ಏನಾಯ್ತೇ ಇವನಿಗೆ?" ಎಂದಳು ಅತ್ತೆ.

"ಏನೋ ಮರ್ತಿರ್ಬೇಕು."

ಹತ್ತು ನಿಮಿಷಕ್ಕೆ ಮತ್ತೆ ಬಂದ. ಈ ಸಲ ಅಗುಳಿ ಎತ್ತಿದ, ಗೇಟು ಅರ್ಧ ತೆರೆದ. ಮತ್ತೆ ಮುಚ್ಚಿದ. ಹೋದ. ಎಲ್ಲ ಮನೆಗಳ ಪರದೆಗಳೂ ಅಲುಗಾಡುತ್ತಿದ್ದವು. ಆಗಲೇ ಪೋಸ್ಟ್‌ಮ್ಯಾನ್ ಬಂದು ನಮ್ಮ ಬಾಗಿಲು ತಟ್ಟಿದ. "ತೆಗೀಬೇಡ!" ಎಂದು ಅತ್ತೆ ನನ್ನ ಬಾಯಿ ಮುಚ್ಚಿ ಹಿಡಿದಳು. ಮನೆಯೊಳಗೆ ದೀಪ ಉರಿಯುತ್ತಿದೆ, ರೇಡಿಯೋ ಹಾಡುತ್ತಿದೆ, ಜನ ಇಲ್ಲ. ಅವನು ತಲೆ ಕೆರೆದುಕೊಂಡು, ಕಾಗದವನ್ನು ಡಬ್ಬಿಗೆ ಹಾಕಿ ಹೋದ.

ಮೂರನೇ ಸಲ ಚಿಕ್ಕಪ್ಪ ಗೇಟಿಗೆ ಬರಲಿಲ್ಲ. ದಾರಿಯ ನಡುವೆ ನಿಂತ. ಕೋಟಿನ ಎದೆಯ ಮೇಲೆ ಕಪ್ಪು ಬಟ್ಟೆಯ ಚೂರು ಪಿನ್ನು ಹಾಕಿತ್ತು. ನಮ್ಮವರಿಗೆ ಅದು ಸೂತಕದ ಗುರುತು.

"ನಮ್ಮವ್ವ ಹೋದ್ಲು," ಎಂದು ಎಲ್ಲ ಬಾಗಿಲುಗಳಿಗೂ ಕೇಳುವ ಹಾಗೆ ಕೂಗಿ ಹೇಳಿದ. "ಹೋದ ವಾರ. ಹೇಳ್ಬೇಕಾಗಿತ್ತು, ಹೇಳಕ್ಕಾಗ್ಲಿಲ್ಲ. ಈ ಸಲ ನಾನು ಬರಲ್ಲ. ತಪ್ಪು ತಿಳ್ಕೋಬೇಡಿ." ಆಮೇಲೆ ನಮ್ಮ ಕಿಟಕಿಯ ಕಡೆ ತಿರುಗಿದ. "ಯೆನ್, ನಿಂಗೆ ಮಾತು ಕೊಟ್ಟಿದ್ದೆ. ಗೇಟಿನ ತನಕ ಬಂದೆ ಕಣಮ್ಮ. ಒಳಗೆ ಬರಕ್ಕೆ ಮನಸ್ಸಾಗ್ಲಿಲ್ಲ."

ಹದಿಮೂರು ಮನೆಗಳ ಪರದೆಗಳು ಬಿದ್ದವು. ಸೂತಕದವನು ಹಬ್ಬಕ್ಕೆ ಯಾರ ಮನೆಗೂ ಕಾಲಿಡಬಾರದು, ಅವನ ಮನೆಗೂ ಆ ದಿನ ಯಾರೂ ಹೋಗುವುದಿಲ್ಲ. ನನಗೆ ಮೊದಲು ಬಂದದ್ದು ಸಮಾಧಾನ. ಸದ್ಯ, ಒಳಗೆ ಬರಲಿಲ್ಲವಲ್ಲ ಎಂದು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೆ. ನಾಚಿಕೆ ಆಮೇಲೆ ಬಂತು, ಬಂದದ್ದು ಹೋಗಲಿಲ್ಲ. ಅವನು ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಗುನಗುತ್ತ ಹದಿಮೂರು ಮನೆ ಸುತ್ತಿ, ಹದಿಮೂರು ಕಡೆ ಉಂಡು, ಸಂಜೆ ಮನೆಗೆ ಹೋಗಿ ಅಳಬಹುದಿತ್ತು. ಇಪ್ಪತ್ತೆಂಟು ವರ್ಷ ನೋಡದ ತಾಯಿ. ಅವಳನ್ನು ನಾಲ್ಕು ದಿನ ಬಚ್ಚಿಟ್ಟು, ಕೊನೆಗೆ ನನ್ನ ಗೇಟಿನಲ್ಲಿ ಬಚ್ಚಿಡಲಾಗದೆ ಹೋದ.

ನಾನು ಗಂಡನ ದೊಡ್ಡ ಕೋಟು ಹಾಕಿಕೊಂಡೆ.

"ಎಲ್ಲಿಗೆ?" ಅತ್ತೆ ಬಾಗಿಲಿಗೆ ಅಡ್ಡ ನಿಂತಳು. "ಹೊಟ್ಟೇಲಿ ಕೂಸಿಟ್ಕೊಂಡು ಸೂತಕದ ಮನೆಗಾ? ತಲೆ ಕೆಟ್ಟಿದ್ಯಾ?"

"ಮೂರು ವರ್ಷ ಒಳ್ಳೇ ಕಾಲೇ ಬಂತು ಅತ್ತೆ. ಖಾಂಗ್ ಚಿಕ್ಕಪ್ಪಾನೇ ಬಂದಿದ್ದು. ಏನುಳೀತು?"

ಅಡ್ಡ ನಿಂತವಳು ಪಕ್ಕಕ್ಕೆ ಸರಿದಳು. ನಾನು ಗೋಡೆ ಹಿಡಿದುಕೊಂಡು, ಹಿಮದಲ್ಲಿ ಚಿಕ್ಕಪ್ಪನ ಹೆಜ್ಜೆಯ ಮೇಲೇ ಹೆಜ್ಜೆ ಇಟ್ಟು ನಡೆದೆ. ಹೋಗಿ ಬಂದು ಮೂರು ಸಲ ತುಳಿದಿದ್ದರಿಂದ ದಾರಿ ಚೆನ್ನಾಗಿಯೇ ಆಗಿತ್ತು. ಹದಿನಾಲ್ಕನೇ ಬಾಗಿಲು ತಟ್ಟಿದೆ.

"ಯಾರು?"

"ಯೆನ್."

"ವಾಪಸ್ ಹೋಗಮ್ಮ. ನೀನು ಇಲ್ಲಿಗೆ ಬರಬಾರ್ದು."

"ನನ್ನ ಕಾಲು ಈ ಸಾಲಲ್ಲಿ ಯಾರಿಗೂ ಬೇಡ ಚಿಕ್ಕಪ್ಪ. ಇವತ್ತು ನಿನ್ನದೂ ಯಾರಿಗೂ ಬೇಡ. ಬಾಗ್ಲು ತೆಗಿ, ಚಳಿ ಆಗ್ತಿದೆ."

ದಿಯು ಚಿಕ್ಕಮ್ಮ ಬಾಗಿಲು ತೆರೆದಳು. ನಾನು ಒಳಗೆ ಹೋದೆ. ಬೀರುವಿನ ಮೇಲೆ ಊದುಬತ್ತಿ ಹಚ್ಚಿ, ತಾಯಿಯ ಫೋಟೋ ಇಟ್ಟಿದ್ದರು. ಫೋಟೋದಲ್ಲಿ ಆಕೆ ಚಿಕ್ಕಪ್ಪನಿಗಿಂತ ಚಿಕ್ಕವಳು. ನಾನು ಫೋಟೋಗೆ ಮೂರು ಸಲ ಬಾಗಿ ಕೈ ಮುಗಿದೆ. ಚಿಕ್ಕಪ್ಪ ಕುರ್ಚಿಯಲ್ಲಿ ಕೂತು, ಹೊಸ ಬೂಟು ಬಿಚ್ಚಲು ಬಗ್ಗಿದವನು ಮತ್ತೆ ಏಳಲಿಲ್ಲ. ಭುಜ ಅಲುಗುವುದು ಕಾಣುತ್ತಿತ್ತು. ಚಿಕ್ಕಮ್ಮ ಕಡುಬು ಕೊಯ್ದು ನನ್ನ ಮುಂದಿಟ್ಟಳು. ತಿಂದೆ. ನಾಲ್ಕು ದಿನದಿಂದ ಅವರಿಬ್ಬರೂ ಸರಿಯಾಗಿ ಉಂಡಿರಲಿಲ್ಲ. ನಾನು ತಿನ್ನುವುದನ್ನು ನೋಡಿ ಅವರೂ ತಿಂದರು.

ಹೊರಡುವಾಗ ಚಿಕ್ಕಪ್ಪ ಅನುಮಾನಿಸುತ್ತ ಕೇಳಿದ, "ಆ ಮೂರು ವರ್ಷಾನೂ ನಿಮ್ಮನೆಗೆ ನಾನೇ ಬಂದಿದ್ದೆ. ನಿಂಗೆ ನನ್ನ ಮೇಲೆ ಕೋಪ ಇತ್ತೇನಮ್ಮ?"

"ಇತ್ತು," ಎಂದೆ. "ಇವತ್ತು ಗೇಟಲ್ಲೇ ಹೋಯ್ತು."

ಏಪ್ರಿಲ್‌ನಲ್ಲಿ ನನಗೆ ಮಗಳು ಹುಟ್ಟಿದಳು. ಬದುಕಿದಳು, ಈಗ ಅವಳಿಗೇ ಇಬ್ಬರು ಮಕ್ಕಳು. "ಅವನು ಆ ಮನೆಗೆ ಬರದೇ ಇದ್ದದ್ದೇ ಒಳ್ಳೇದಾಯ್ತು ನೋಡು" ಎಂದು ಕುಕ್ ಅಜ್ಜಿ ಸಾಲಿಗೆಲ್ಲ ಹೇಳಿಕೊಂಡು ಬಂದಳು. ಚಿಕ್ಕಪ್ಪನ ಕಿವಿಗೂ ಬಿತ್ತು, ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆದರೆ ಸೂತಕ ಕಳೆದ ವರ್ಷ ಅವನನ್ನು ಮೊದಲು ಕರೆದವಳೂ ಅದೇ ಅಜ್ಜಿ.

ಅವನು ಮತ್ತೆ ಮನೆ ಮನೆ ಸುತ್ತಿದ, ಇಪ್ಪತ್ತು ವರ್ಷಕ್ಕೂ ಹೆಚ್ಚು ಸುತ್ತಿದ. ಸಾಲಿಗೆ ಗೊತ್ತಿದ್ದದ್ದು ಅಷ್ಟೇ. ಗೊತ್ತಿಲ್ಲದ್ದು ಏನೆಂದರೆ, ಅವನು ಹೊರಡುವ ಮೊದಲು ಏಳೂವರೆಗೆ ನಾನು ಹಿತ್ತಲ ದಾರಿಯಲ್ಲಿ ಹೋಗಿ ಅವನ ಬಾಗಿಲು ತಟ್ಟುತ್ತಿದ್ದೆ. ಅವನು ಸೂಟು ಹಾಕಿಕೊಂಡು, ಬಾಗಿಲ ಹಿಂದೆಯೇ ನಿಂತಿರುತ್ತಿದ್ದ. ಆದರೂ ಕೇಳುತ್ತಿದ್ದ, "ಯಾರು?"

"ಯಾರಿಗೂ ಬೇಡದ ಕಾಲು."

"ಒಳಗೆ ಬಾರಮ್ಮ," ಎನ್ನುತ್ತಿದ್ದ ಚಿಕ್ಕಪ್ಪ. "ನೀನು ಬರದೆ ನಾನು ಹೆಂಗೆ ಹೊರಡ್ಲಿ?"