ಹಾರೋಹಳ್ಳಿಯಲ್ಲಿ ನಾನು ಓದದೆ ಬಿಟ್ಟ ಸಾಲು

ಪುಟ್ಟಲಕ್ಷ್ಮಿ, ಆ ಸಾಲು ನೋಟೀಸಿನಲ್ಲಿತ್ತು. ನಾನು ನೋಡಿದೆ. ನೋಡಿಯೂ ನಿನಗೆ ಓದಿ ಹೇಳದೆ ಮುಂದಿನ ಸಾಲಿಗೆ ಹೋದೆ.

ಬಸ್ಸು ಗುಂಡಿಗೆ ಇಳಿದು ಕುಲುಕಿತು, ಕಣ್ಣು ಒಂದು ಸಾಲು ಜಾರಿತು — ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡದ್ದು ಇದು. ಎಷ್ಟು ಸಲವೆಂದರೆ, ಆ ಗುಂಡಿ ಈಗ ಕಣ್ಣಿಗೆ ಕಟ್ಟಿದಂತಿದೆ. ಆದರೆ ಬಸ್ಸು ಓಡುತ್ತಲೇ ಇರಲಿಲ್ಲ. ಹಾರೋಹಳ್ಳಿಯಲ್ಲಿ ನಿಂತಿತ್ತು, ಫ್ಯಾಕ್ಟರಿಯವರು ಇಳಿಯುತ್ತಿದ್ದರು. ಹಾಳೆಯ ಮಡಿಕೆ ಆ ಸಾಲಿನ ಮೇಲೆಯೇ ಬಿದ್ದಿತ್ತು ಎಂದೂ ಒಂದು ನೆನಪು. ನಿನ್ನೆ ಹಾಳೆ ತೆಗೆದು ನೋಡಿದೆ. ಮಡಿಕೆ ನಾಲ್ಕು ಸಾಲು ಕೆಳಗಿದೆ.

ಇಬ್ಬರದೂ ಸಿ.ಎ. ಕೊನೆಯ ಹಂತ. ನೀನು ಸಾತನೂರಿನಲ್ಲಿ ಹತ್ತಿ ಜಾಗ ಹಿಡಿದಿರುತ್ತಿದ್ದೆ, ನಾನು ಕನಕಪುರದಲ್ಲಿ ಬಂದು ಪಕ್ಕ ಕೂರುತ್ತಿದ್ದೆ. ಬೆಂಗಳೂರಿನ ಆಡಿಟರ್ ಕಚೇರಿಗೆ ಹೋಗಿಬರುವ ಆ ದಾರಿಯೇ ನಮ್ಮ ಓದಿನ ಕೋಣೆ. ಬಸ್ಸಿನಲ್ಲಿ ಅಕ್ಷರ ನೋಡಿದರೆ ನಿನಗೆ ಹೊಟ್ಟೆ ತೊಳೆಸುತ್ತಿತ್ತು. ಅದಕ್ಕೇ ನಾನು ಗಟ್ಟಿಯಾಗಿ ಓದುವುದು, ನೀನು ಕಣ್ಣು ಮುಚ್ಚಿ ಕೇಳುವುದು, ಕೇಳಿದ್ದನ್ನು ನಿನ್ನ ಮಾತಿನಲ್ಲಿ ನನಗೆ ತಿರುಗಿ ಹೇಳುವುದು. ಓದುವ ಬಾಯಿ ನನ್ನದು, ಅರ್ಥವೆಲ್ಲ ನಿನ್ನದು. ಸಾವಿರಾರು ಬಿಲ್ಲುಗಳಲ್ಲಿ ಕೆಲವನ್ನೇ ಆರಿಸಿ ಪರಿಶೀಲಿಸುವ ಪಾಠ ಮೂರು ಸಲ ಓದಿದರೂ ನನ್ನ ತಲೆಗೆ ಹತ್ತಲಿಲ್ಲ.

“ಡೇರೀಲಿ ಕ್ಯಾನ್ ಹಾಲೆಲ್ಲಾ ಕುಡ್ದು ನೋಡ್ತಾರೇನಮ್ಮಿ?” ಎಂದು ನೀನು ಕೇಳಿದ್ದೆ. “ಚೆಂದಾಗಿ ಕಲಕ್ಬುಟ್ಟು ಒಸಿ ತಗ್ದು ನೋಡ್ತಾರೆ. ಇದೂ ಅಷ್ಟೇಯ.”

ಹಿಂದಿನ ಸೀಟಿನ ಅಜ್ಜಿ ನಕ್ಕು, “ನಮ್ಮೂರ ಡೇರಿಯವ್ನಿಗೂ ಒಸಿ ಏಳ್ಕೊಡವ್ವ” ಎಂದಿತ್ತು.

ಆಗ ಪಠ್ಯಕ್ರಮ ಬದಲಾಯಿತು. ಅದನ್ನು ತಿಳಿಸುವ ನೋಟೀಸೇ ಅದು. ಹಳೆಯದರಲ್ಲೇ ಇನ್ನೂ ಕೆಲವು ಸಲ ಬರೆಯಬಹುದು, ಇಲ್ಲವೇ ಹೊಸದಕ್ಕೆ ಸೇರಬಹುದು; ಸೇರಿದ ಮೇಲೆ ವಾಪಸ್ಸು ಬರುವಂತಿಲ್ಲ. ನನಗೆ ಒಂದು ಪತ್ರಿಕೆಯೂ ಆಗಿರಲಿಲ್ಲ, ಹೊಸದೇ ಸಲೀಸೆನಿಸಿತು. ನಿನಗೆ ಕಂಪ್ಯೂಟರ್ ವ್ಯವಸ್ಥೆಗಳ ಪತ್ರಿಕೆಯಲ್ಲಿ ಅರವತ್ತನಾಲ್ಕು ಬಂದಿತ್ತು. ಅರವತ್ತು ದಾಟಿದ್ದರಿಂದ ವಿನಾಯಿತಿ, ಅದನ್ನು ಮತ್ತೆ ಬರೆಯಬೇಕಿರಲಿಲ್ಲ. ಮನೆಯಲ್ಲಿ ಕಂಪ್ಯೂಟರೇ ಇಲ್ಲದವಳು ತೆಗೆದ ಅರವತ್ತನಾಲ್ಕು! ಆ ವಿನಾಯಿತಿ ಹೊಸ ಪಠ್ಯಕ್ರಮದಲ್ಲಿ ನಡೆಯುವುದಿಲ್ಲ, ಆ ಜಾಗದ ಹೊಸ ಪತ್ರಿಕೆ ಬರೆಯಲೇಬೇಕು — ನಾನು ಬಿಟ್ಟ ಸಾಲಿನಲ್ಲಿದ್ದದ್ದು ಇಷ್ಟೇ.

ಓದಿದ್ದರೆ ನೀನು ಹಳೆಯದರಲ್ಲೇ ಉಳಿಯುತ್ತಿದ್ದೆ. ನಮ್ಮ ಪುಸ್ತಕಗಳು ಬೇರೆ ಬೇರೆಯಾಗುತ್ತಿದ್ದವು. ಅರ್ಥ ಹೇಳುವವಳಿಲ್ಲದೆ ನಾನು —

“ನನ್ ಅರವತ್ನಾಲ್ಕು ಅಂಗೇ ಉಳೀತದಾ ಅಮ್ಮಿ?”

“ಉಳೀತದೆ ಕಣೆ.”

ಹಾಳೆ ಮಡಿಸಿ ನನ್ನ ಬ್ಯಾಗಿಗೆ ಹಾಕಿಕೊಂಡೆ. ಕೊಡು ಎಂದು ನೀನು ಕೇಳಲಿಲ್ಲ. ನನ್ನ ಓದಿನ ಮೇಲೆ ನಿನಗೆ ಅಷ್ಟು ನಂಬಿಕೆ.

ಪರೀಕ್ಷೆಯ ಅರ್ಜಿ ತುಂಬುವ ದಿನ ವಿನಾಯಿತಿ ಕಾಣಿಸಲಿಲ್ಲ. “ನೋಟೀಸ್ನಲ್ಲಿ ಆಕಿರ್ನಿಲ್ವಾ?” ಎಂದು ನೀನು ಕೇಳಿದೆ. “ಇರ್ನಿಲ್ಲ” ಎಂದೆ ನಾನು. ಮೊದಲನೆಯದು ಬಿಟ್ಟದ್ದು, ಇದು ಹೇಳಿದ ಸುಳ್ಳು. ನೀನು “ಓಗ್ಲಿ ಬುಡು, ಓದಾನ” ಎಂದೆ.

ನಾನು ಪಾಸಾದೆ. ನೀನು ಆ ಹೊಸ ಪತ್ರಿಕೆಯೊಂದರಲ್ಲಿ ಫೇಲಾದೆ. “ಇದೇ ಕೊನೇ ಸಲ ಕಣವ್ವ” ಎಂದು ನಿಮ್ಮವ್ವನಿಗೆ ಹೇಳಿ ಬಂದಿದ್ದವಳು ನೀನು. ನನಗೆ ಬಿಡದಿಯಲ್ಲಿ ಕೆಲಸವಾಯಿತು, ಬಸ್ಸು ಬದಲಾಯಿತು. ಒಂಟಿಯಾಗಬಾರದೆಂದು ನಾನು ಮಾಡಿದ್ದು, ಒಂಟಿಯಾದವಳು ನೀನು.

ಆಮೇಲಿನದನ್ನು ಬರೆಯುವಾಗ ಕೈ ತಾನೇ ಚುರುಕಾಗುತ್ತದೆ — ನಿನ್ನ ವಿಷಯದಲ್ಲಿ ನನಗಿರುವ ಹೆಮ್ಮೆ ಅಂಥದ್ದು. ಓದಿ ಹೇಳುವವರಿಲ್ಲ, ಬಸ್ಸಿನಲ್ಲಿ ಓದಲಾಗದು. ನೀನು ಬೆಳಿಗ್ಗೆ ಹಾಲು ಕರೆಯುವ ಮೊದಲು ಪಾಠವನ್ನು ನಿನ್ನದೇ ಮಾತಿನಲ್ಲಿ ಫೋನಿಗೆ ಹೇಳಿಟ್ಟು, ದಾರಿಯುದ್ದಕ್ಕೂ ಕಣ್ಣು ಮುಚ್ಚಿ ನಿನ್ನನ್ನೇ ನೀನು ಕೇಳಿಸಿಕೊಂಡೆ. ಮುಂದಿನ ಸಲ ಪಾಸಾದೆ — ಅದೇ ಪತ್ರಿಕೆಯಲ್ಲಿ ಅರವತ್ತೊಂಬತ್ತು. ಆ ದನಿ ಇವತ್ತು ಸಾತನೂರಿನಿಂದ ಮಾಗಡಿಯವರೆಗೆ ಸಿ.ಎ. ಓದುವ ಹುಡುಗಿಯರ ಫೋನುಗಳಲ್ಲಿದೆ. ಕಂಪನಿ ಕಾಯ್ದೆಯ ನಡುವೆ ನಿಮ್ಮ ಹಸು ಕೂಗುತ್ತದೆ. ಆ ಹಸುವಿನ ಬಗ್ಗೆಯೂ ನನಗೆ ಹೆಮ್ಮೆ.

ಆದರೆ ಈ ಹೆಮ್ಮೆ ಒಂದು ಕಳ್ಳಮಾತು ಆಡುತ್ತದೆ: ನಾನು ಸಾಲು ಬಿಟ್ಟಿದ್ದರಿಂದಲ್ಲವೇ ಅವಳು ಹೀಗಾದದ್ದು? ಇಲ್ಲ. ಸಾಲು ಓದಿದ್ದರೂ ನೀನು ಹೀಗೇ ಆಗುತ್ತಿದ್ದೆ. ಬೇಗ ಆಗುತ್ತಿದ್ದೆ.

ಈಗ ಪಠ್ಯಕ್ರಮ ಮತ್ತೆ ಬದಲಾಗಿದೆ. ಹೋದ ಭಾನುವಾರ ಕನಕಪುರದ ನಿನ್ನ ಕಚೇರಿಯಲ್ಲಿ ಕೂತಿದ್ದ ಹುಡುಗಿಯರಿಗೆ ನನ್ನನ್ನು ತೋರಿಸಿ, “ನಂಗೆ ಒಂದಕ್ಸರನೂ ಬುಡ್ದಂಗೆ ಓದಿದ್ದು ಇವ್ಳೇ ಕಣ್ರಮ್ಮ, ನೋಟೀಸ್ ಇವ್ಳೇ ಓದ್ಲಿ” ಎಂದು ನೀನು ಹೇಳಿದೆ. ಓದಿದೆ. ವಿನಾಯಿತಿಯ ಸಾಲು ಬಂದಾಗ ಎರಡು ಸಲ ಓದಿದೆ. ಹುಡುಗಿಯರು ಬರೆದುಕೊಂಡರು. ನೀನು ನಗುತ್ತಿದ್ದೆ.

ಈ ಭಾನುವಾರ ಹುಡುಗಿಯರು ಬರುವ ಮೊದಲೇ ಬರುತ್ತೇನೆ. ಈ ಪತ್ರವನ್ನು ಮೇಜಿನ ಮೇಲಿಟ್ಟು ಹೋಗುವುದಿಲ್ಲ. ನಾನೇ ಗಟ್ಟಿಯಾಗಿ ಓದುತ್ತೇನೆ. ಹಳೆಯ ನೋಟೀಸನ್ನೂ ತರುತ್ತೇನೆ. ಈ ಸಲ ಕಣ್ಣು ಮುಚ್ಚಬೇಡ, ಪುಟ್ಟಲಕ್ಷ್ಮಿ. ಹಾಳೆ ನಿನ್ನ ಕೈಯಲ್ಲಿರಲಿ.