ಕೆರೆಗೆ ಪೆನ್ಸಿಲ್

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ, ಚಾಚಾ ಅವರ ಎಡಗಿವಿಯ ಮೇಲೆ ಸದಾ ಇರುತ್ತಿದ್ದ ಬೆರಳುದ್ದದ ಪೆನ್ಸಿಲ್ ಕೆಸರಿಗೆ ಬಿತ್ತು. ಬಿದ್ದದ್ದಲ್ಲ, ಕಪಾಳದ ಏಟಿಗೆ ಹಾರಿತು.

ಚಾಚಾ ನಮ್ಮ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದ ಅಟೆಂಡರ್. ಜೀವವೈವಿಧ್ಯಕ್ಕಿರುವ ಅಪಾಯಗಳನ್ನು ಪ್ರಾಧ್ಯಾಪಕರು ಹಲಗೆಯ ಮೇಲೆ ಬರೆದರು. ಚಾಚಾ ಸುರಪುರದ ಕಡೆ ತಮ್ಮೂರಿನ ಕೆರೆದಂಡೆಯಲ್ಲಿ ತೋರಿಸಿದರು. ನನ್ನ ಪ್ರಬಂಧಕ್ಕಾಗಿ ಹಕ್ಕಿ ಎಣಿಸಲು ಹೋದಾಗಲೆಲ್ಲ ಪೆನ್ನು ಕಸಿದುಕೊಳ್ಳುತ್ತಿದ್ದರು. “ಪೆನ್ನು ಆಫೀಸಿಗಿ. ಕೆರಿಗಿ ಪೆನ್ಸಿಲ್, ಬೇಟಿ.” ಬ್ಲೇಡಿನಿಂದ ತಾವೇ ಚೂಪು ಮಾಡಿ, ಸಿಪ್ಪೆಯನ್ನು ಚಹಾದ ಸಾಸರಿಗೆ ಉದುರಿಸುತ್ತಿದ್ದರು.

ಅಂದು ಜೊಂಡಿನ ನಡುವೆ ಬಾತುಗಳು ಸತ್ತು ತೇಲುತ್ತಿದ್ದವು. ವಿಷ ಬೆರೆಸಿದ ಜೋಳ ಚೆಲ್ಲಿದ್ದ ಮೂವರು ಅವನ್ನು ಚೀಲಕ್ಕೆ ತುಂಬುತ್ತಿದ್ದರು. ಸತ್ತ ಹಕ್ಕಿಗಳ ಸಂಖ್ಯೆ, ಅವರ ಬೈಕಿನ ನಂಬರು ಬರೆದುಕೊಂಡೆ. ನೋಡಿಬಿಟ್ಟರು.

“ಏ ಮುದುಕಾ, ಹಕ್ಕಿ ಎಣಸ್ತಿಯೇನು? ನಿನ್ನ ಎಲುಬ ಎಣಸ್ಕೊ.”

ಒಬ್ಬ ಚಾಚಾ ಅವರ ಕಪಾಳಕ್ಕೆ ಹೊಡೆದು, ಬಲಗೈ ಮುರಿದ. ಒಣಗಿದ ತೊಗರಿಕಟ್ಟಿಗೆ ಮುರಿದ ಸದ್ದು. ಇನ್ನೊಬ್ಬ ನನ್ನ ಕುತ್ತಿಗೆಗೆ ಕುಡುಗೋಲು ಹಿಡಿದಿದ್ದ. ಮೂರನೆಯವನು ನನ್ನ ನೋಟ್‌ಬುಕ್ಕನ್ನು ಕೆರೆಗೆ ಎಸೆದ. “ಮೀನ ಓದ್ಕೋತಾವ ಬಿಡು.”

ಅವರು ಹೋದ ಮೇಲೂ ನಾನು ನಿಂತೇ ಇದ್ದೆ. ಎದೆಮಟ್ಟದ ನೀರಿಗಿಳಿದು ಎಡಗೈಯಿಂದ ಪುಸ್ತಕ ತಂದವರು ಚಾಚಾ. “ನಕ್ಕೋತ ಹೋಗ್ಯಾರ. ಪೆನ್ನಿಲೆ ಬರದೀವಂತ ತಿಳದಾರ.” ಸಸ್ಯಶಾಸ್ತ್ರದ ಲ್ಯಾಬಿನಲ್ಲಿ ಎಲೆ ಒಣಗಿಸುವಂತೆ ಹಾಳೆ ಹಾಳೆಯ ನಡುವೆ ಹಳೆಯ ಪೇಪರ್ ಇಟ್ಟು, ದಿನಾ ಬದಲಿಸಿ ಒಣಗಿಸಿದರು. ಒಂದು ಅಂಕಿಯೂ ಅಳಿಸಿರಲಿಲ್ಲ.

ಕೇಸಾಯಿತು. ಕೈ ನೆಟ್ಟಗಾಗಲಿಲ್ಲ. ತೀರ್ಪಿಗೆ ಮೊದಲೇ ಚಾಚಾ ಎದೆನೋವಿನಿಂದ ತೀರಿಕೊಂಡರು. ಅವರನ್ನು ಮಣ್ಣು ಮಾಡಿದ ದಿನ ನನಗೆ ಅಳು ಬರಲಿಲ್ಲ. ಆ ಮೂವರ ಮುಖ ಕಣ್ಣೆದುರು ಬಂತು. ದಿನವೂ ನಸುಕಿನಲ್ಲಿ, ಆರೂ ಹತ್ತಕ್ಕೆ ಸರಿಯಾಗಿ, ಆ ಕಟ್ಟಿಗೆ ಮುರಿದ ಸದ್ದಿಗೆ ಎದ್ದು ಕೂರುತ್ತಿದ್ದೆ.

ಆ ಮೂವರ ಕಡೆಯ ಹಿರಿಯನೊಬ್ಬ ರಾಜಿಗೆ ಬಂದ. “ಹಕ್ಕಿ ಸಲುವಾಗಿ ಜೈಲೇನವ್ವಾ? ಓದಿದಾಕಿ ಇದ್ದಿ. ಕತ್ತಲಿತ್ತು, ಕಾಣಲಿಲ್ಲ ಅಂದ್ಬಿಡು.”

“ಹಕ್ಕಿದು ಒಂದು ಕೇಸ, ಚಾಚಾರ ಮುರದ ಕೈದು ಒಂದು. ಎರಡೂ ಬೇಕ್ರಿ ನನಗ,” ಎಂದೆ.

ನೀರಿಗೆ ಬಿದ್ದ ಪುಸ್ತಕದಲ್ಲಿ ಅಕ್ಷರ ಉಳಿದದ್ದು ಹೇಗೆಂದು ಕೋರ್ಟಿನಲ್ಲಿ ಅವರ ವಕೀಲರು ಕೇಳಿದರು. ಪೆನ್ಸಿಲ್ ಎಂದೆ. ಪುಸ್ತಕ ಎಸೆದವನು ತಟ್ಟನೆ ತಲೆ ಎತ್ತಿದ. ಆ ಮುಖವನ್ನು ನನಗೆ ಸಾಕೆನಿಸುವವರೆಗೆ ನೋಡಿದೆ.

ಮೂವರಿಗೂ ಶಿಕ್ಷೆಯಾದ ದಿನ ಮನೆಗೆ ಬಂದು, ಬ್ಲೇಡಿನಿಂದ ಪೆನ್ಸಿಲೊಂದನ್ನು ಚೂಪು ಮಾಡಿ ದಿಂಬಿನ ಪಕ್ಕ ಇಟ್ಟು ಮಲಗಿದೆ. ಎಚ್ಚರವಾದಾಗ ಆರೂ ಹತ್ತು ದಾಟಿ ಬಹಳ ಹೊತ್ತಾಗಿತ್ತು.