ಎಡರೆಕ್ಕೆಯೊಳಗಿನ ನಟ್

ಆ ಪುಟ್ಟ ವಿಮಾನವನ್ನು ಪೂರ್ತಿ ಕಟ್ಟಿದವಳು ನಾನಲ್ಲ. ಎರಡೂ ರೆಕ್ಕೆಗಳು ನಮ್ಮ ಹಾಗೇ ದೇಶ ಬಿಟ್ಟು ಬಂದು ಇಲ್ಲಿ ನೆಲೆಸಿದ ಧಾರವಾಡ ಕಡೆಯ ಒಬ್ಬ ಡಾಕ್ಟರ್ ಅಂಕಲ್ ಕೈಕೆಲಸ. ಮಾರಿಸ್‌ಟೌನ್‌ನ ತಮ್ಮ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ರಿವೆಟ್ ಹೊಡೆದು, ಕೈನಡುಕ ಜಾಸ್ತಿಯಾದ ಮೇಲೆ ಎಲ್ಲವನ್ನೂ ನನಗೆ ಒಪ್ಪಿಸಿದ್ದರು. ಕೆಂಡಲ್ ಪಾರ್ಕಿನ ನಮ್ಮ ಗ್ಯಾರೇಜಿನಲ್ಲಿ ನಾನು ಬಾಲ, ಎಂಜಿನ್, ವೈರಿಂಗ್ ಮುಗಿಸಿದೆ. ಆಮೇಲೆ ಎಲ್ಲವನ್ನೂ ಹತ್ತಿರದ ಸಣ್ಣ ಏರ್‌ಪೋರ್ಟಿಗೆ ಸಾಗಿಸಿ ಜೋಡಿಸಿದ್ದಾಯಿತು.

ಇನ್ನು ಬೇಕಿದ್ದದ್ದು ರಿಪೇರ್‌ಮನ್ ಸರ್ಟಿಫಿಕೇಟ್. ಅದಿದ್ದರೆ ಪ್ರತಿ ವರ್ಷ ಆ ವಿಮಾನವನ್ನು ನಾನೇ ತಪಾಸಣೆ ಮಾಡಿ, ಹಾರಲು ಯೋಗ್ಯ ಎಂದು ಸಹಿ ಹಾಕಬಹುದು. ಇನ್ನೊಬ್ಬರು ಶುರು ಮಾಡಿದ್ದನ್ನು ಮುಗಿಸಿದವರಿಗೂ ಸಿಗುತ್ತದೆ. ಆದರೆ ಇಡೀ ವಿಮಾನ ತನಗೆ ಗೊತ್ತು ಎಂದು ವಿಮಾನಯಾನ ಇಲಾಖೆಯ ಇನ್ಸ್‌ಪೆಕ್ಟರ್‌ಗೆ ಮನವರಿಕೆ ಮಾಡಿಕೊಡಬೇಕು.

ಇನ್ಸ್‌ಪೆಕ್ಟರ್ ಬರುವ ಹಿಂದಿನ ವಾರ ಅಂಕಲ್ ಬರೆದಿಟ್ಟ ಲಾಗ್ ಪುಸ್ತಕ ಓದುತ್ತಿದ್ದೆ. ಪ್ರತಿ ಕೆಲಸಕ್ಕೂ ಫೋಟೊ ಇತ್ತು. ಎಡರೆಕ್ಕೆಯ ಒಂದು ಪುಟದಲ್ಲಿ ಮಾತ್ರ 'ಮುಗಿಯಿತು' ಎಂದಷ್ಟೇ ಬರೆದಿತ್ತು. ಫೋಟೊ ಇರಲಿಲ್ಲ. ಆ ಪುಟವನ್ನು ನನ್ನ ಗಂಡನಿಗೆ ತೋರಿಸಿದೆ.

"ಅಂಕಲ್ ಸರ್ಜನ್ ಕಣೇ, ಅವರು ಮಿಸ್ ಮಾಡ್ತಾರಾ?" ಎಂದರು. ನಾನೂ ಅಷ್ಟು ದಿನ ಹಾಗೆಂದೇ ನಂಬಿ ರೆಕ್ಕೆಯ ಒಳಗೆ ಇಣುಕಿರಲಿಲ್ಲ.

ಮರುದಿನ ಏರ್‌ಪೋರ್ಟಿನಲ್ಲಿ ವಿಮಾನ ನಿಲ್ಲಿಸಿದ್ದ ಹ್ಯಾಂಗರಿಗೆ ಹೋಗಿ ರೆಕ್ಕೆಯಡಿಯ ಮುಚ್ಚಳ ಬಿಚ್ಚಿ ಕೈ ತೂರಿಸಿದೆ. ವಿಮಾನವನ್ನು ಎಡಕ್ಕೆ ಬಲಕ್ಕೆ ವಾಲಿಸುವ ಸರಳು ಒಂದು ಬೋಲ್ಟಿನ ಮೇಲೆ ನಿಂತಿರುತ್ತದೆ. ಅದರ ನಟ್ ಬಿಚ್ಚಿಕೊಳ್ಳದಂತೆ ಸಣ್ಣ ಪಿನ್ ಇರಬೇಕು. ಪಿನ್ ಇರಲಿಲ್ಲ. ನಟ್ ನನ್ನ ಬೆರಳಿಗೇ ತಿರುಗಿತು. ಹಾರುವಾಗ ಅದು ಕಳಚಿ ಬಿದ್ದಿದ್ದರೆ ವಿಮಾನ ಹತೋಟಿಗೆ ಸಿಗುತ್ತಿರಲಿಲ್ಲ. ನಟ್ ಬಿಗಿದು ಹೊಸ ಪಿನ್ ಹಾಕಿದೆ.

ಅಂಕಲ್‌ಗೆ ಫೋನ್ ಮಾಡಿದೆ. ಪಿನ್ ಇಲ್ಲದ್ದನ್ನು ಹೇಳಿದೆ.

"ಕೈ ನಡಗ್ತಿತ್ತು ತಂಗೀ. ಆ ಪಿನ್ ತೂತಿನಾಗ ಹೋಗವಲ್ದಾಗಿತ್ತು. ನಾಳೆ ಹಾಕಿದ್ರಾತು ಅಂತ ಬಿಟ್ಟೆ. ನಂದs ತಪ್ಪು."

"ಬೇರೆ ಎಲ್ಲಾದ್ರೂ ಬಿಟ್ಟಿದೀರಾ ಅಂಕಲ್?"

"ನೆನಪಿಲ್ಲ ತಂಗೀ," ಎಂದರು. ನಟ್‌ಗಿಂತ ಆ ಮಾತಿಗೇ ನಾನು ಹೆಚ್ಚು ಹೆದರಿದೆ.

ಮೂರು ದಿನ ರಜೆ ಹಾಕಿ ಎರಡೂ ರೆಕ್ಕೆಗಳ ಮುಚ್ಚಳಗಳನ್ನೆಲ್ಲ ತೆಗೆದೆ. ಕೈ ಹೋಗದ ಕಡೆ ಸಣ್ಣ ಕ್ಯಾಮೆರಾ ಇಳಿಸಿ ನೋಡಿದೆ. ಬೇರೆ ತಪ್ಪು ಸಿಗಲಿಲ್ಲ. ಆದರೂ ನಿದ್ದೆ ಬರಲಿಲ್ಲ.

"ಇನ್ಸ್‌ಪೆಕ್ಟರ್‌ಗೆ ಇದನ್ನೆಲ್ಲ ಹೇಳ್ಲೇಬೇಕಾ?" ಎಂದು ಗಂಡ ಕೇಳಿದರು.

ಇನ್ಸ್‌ಪೆಕ್ಟರ್ ಬಂದರು, ನನ್ನಷ್ಟೇ ವಯಸ್ಸಿನ ಹೆಂಗಸು. ವಿಮಾನವನ್ನೆಲ್ಲ ನೋಡಿ, ಎಡರೆಕ್ಕೆ ಮುಟ್ಟಿ ಕೇಳಿದರು: "ಇದನ್ನು ನೀವು ಮಾಡಿಲ್ಲ. ಸರಿಯಾಗಿದೆ ಅಂತ ಹೇಗೆ ಹೇಳ್ತೀರಿ?"

"ಸರಿ ಇರಲಿಲ್ಲ," ಎಂದು ನಡೆದದ್ದನ್ನೆಲ್ಲ ಹೇಳಿದೆ. ಅವರು ಮುಚ್ಚಳ ಬಿಚ್ಚಿಸಿ, ಅಡಿಯಲ್ಲಿ ಮಲಗಿ, ಟಾರ್ಚ್ ಬಿಟ್ಟು ನಾನು ಹಾಕಿದ ಪಿನ್ ನೋಡಿದರು. ಆಮೇಲೆ ಎರಡು ಗಂಟೆ ಪ್ರಶ್ನೆ ಮೇಲೆ ಪ್ರಶ್ನೆ. ಅದರಲ್ಲಿ ಎರಡು ಪ್ರಶ್ನೆಗಳಿಗೆ ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದೇ ಹೇಳಿ, ಕೈಪಿಡಿಯಲ್ಲಿ ಹುಡುಕಿ ತೋರಿಸಿದೆ. ಕೊನೆಗೆ ಅರ್ಜಿಗೆ ಸಹಿ ಹಾಕಿದರು.

ಅವತ್ತು ಸಂಜೆ ಗಂಡ ಖುಷಿಯಿಂದ ಐಸೆಲಿನ್‌ನ ಒಂದು ದೋಸೆ ಹೋಟೆಲಿಗೆ ಕರೆದುಕೊಂಡು ಹೋದರು. ಮಸಾಲೆ ದೋಸೆ ಬಂತು. ನಾನು ಒಂದು ತುಂಡು ಮುರಿದು ತಟ್ಟೆಯಲ್ಲೇ ಬಿಟ್ಟೆ.

"ಈಗ್ಯಾಕೆ ಟೆನ್ಷನ್? ಸಿಕ್ತಲ್ಲ," ಎಂದರು.

"ಇಷ್ಟು ದಿನ ನಾನು ತಪ್ಪಿದ್ರೆ ಇನ್ಸ್‌ಪೆಕ್ಟರ್ ಹಿಡೀತಾರೆ ಅಂತಿತ್ತು," ಎಂದೆ. "ಇನ್ಮೇಲೆ ನೋಡೋಳು ನಾನೊಬ್ಬಳೇ."

ಗಂಡ ನೀರಿನ ಲೋಟ ನನ್ನತ್ತ ಸರಿಸಿದರು.